ನಮ್ಮ ಸಭಾಮಂದಿರಕ್ಕೆ ಹೊಸ ಸಹಾಯಕ ರಬ್ಬಿ ಬೇಕು: ಆರಿಸುವಾಗ ಏನನ್ನು ನೋಡಬೇಕು?

ತುಂಗೆಯ ಮಗಳು (ಓಹಾಯೋ)

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ಕಡೆಯವಳು. ಹದಿನಾರು ವರ್ಷಗಳಿಂದ ಅಮೆರಿಕದ ಓಹಾಯೋದಲ್ಲಿದ್ದೇನೆ. ನನ್ನ ಗಂಡ ಯಹೂದಿ. ನಾನು ಮತಾಂತರವಾಗಿಲ್ಲ. ನಮ್ಮ ಮನೆಯಲ್ಲಿ ಶುಕ್ರವಾರ ಸಂಜೆ ಶಬ್ಬಾತಿನ (ಶುಕ್ರವಾರ ಸಂಜೆಯಿಂದ ಶನಿವಾರ ಸಂಜೆಯವರೆಗಿನ ಯಹೂದಿಗಳ ವಿಶ್ರಾಂತಿ ದಿನ) ದೀಪ ಹಚ್ಚುತ್ತೇವೆ, ಗೌರಿ ಹಬ್ಬಕ್ಕೆ ಬಾಗಿನವನ್ನೂ ಇಡುತ್ತೇವೆ. ಇಬ್ಬರು ಮಕ್ಕಳೂ ಸಭಾಮಂದಿರದ (ಯಹೂದಿಗಳ ಪ್ರಾರ್ಥನಾ ಮಂದಿರ, ಸಿನಗಾಗ್) ಭಾನುವಾರದ ಶಾಲೆಯಲ್ಲಿ ಹೀಬ್ರೂ ಅಕ್ಷರ ಕಲಿತಿದ್ದಾರೆ.

ನಮ್ಮದು ಯಹೂದಿಗಳಲ್ಲಿ ಉದಾರವಾದ ರಿಫಾರ್ಮ್ ಪಂಥದ ಸಭಾಮಂದಿರ, ಸುಮಾರು ನಾನೂರು ಕುಟುಂಬಗಳಿವೆ. ಇಪ್ಪತ್ತು ವರ್ಷಗಳಿಂದ ಇರುವ ಹಿರಿಯ ರಬ್ಬಿಯ ಜೊತೆಗೆ ಒಬ್ಬರು ಸಹಾಯಕ ರಬ್ಬಿ ಇದ್ದರು. ಮೂರು ವರ್ಷದ ಒಪ್ಪಂದ ಮುಗಿದು ಅವರು ಬೇರೆ ಊರಿಗೆ ಹೊರಟಿದ್ದಾರೆ, ಅಲ್ಲಿ ಅವರೇ ಏಕೈಕ ರಬ್ಬಿ. ಅವರ ಜಾಗಕ್ಕೆ ಹೊಸಬರನ್ನು ಹುಡುಕಲು ಒಂಬತ್ತು ಜನರ ಸಮಿತಿಯೊಂದು ರಚನೆಯಾಗಿದೆ. ಅದರಲ್ಲಿ ನನ್ನನ್ನೂ ಸೇರಿಸಿದ್ದಾರೆ, ಮಿಶ್ರ ಕುಟುಂಬಗಳ ಪರವಾಗಿ ಒಬ್ಬರು ಇರಲಿ ಎಂದು. ನನಗೆ ಮಾತಿನ ಹಕ್ಕಿದೆ, ಮತದ ಹಕ್ಕಿಲ್ಲ. ಅದು ಸರಿಯಾಗಿಯೇ ಇದೆ ಎಂಬುದು ನನ್ನ ಭಾವನೆ. ಆದರೆ ಮಾತಿನ ಹಕ್ಕು ಕೊಟ್ಟ ಮೇಲೆ ಏನು ಮಾತನಾಡಬೇಕೆಂದು ಯೋಚಿಸಬೇಕಲ್ಲ, ಅದಕ್ಕಾಗಿ ಇಲ್ಲಿ ಬರೆಯುತ್ತಿದ್ದೇನೆ.

ರಬ್ಬಿ ಎಂದರೆ ನಮ್ಮ ಪುರೋಹಿತರ ಹಾಗೆ ಎಂದು ಮದುವೆಯಾದ ಹೊಸದರಲ್ಲಿ ನಾನು ತಿಳಿದಿದ್ದೆ. ಅಲ್ಲ. ಆ ಪದದ ಅರ್ಥವೇ 'ನನ್ನ ಗುರು'. ರಬ್ಬಿ ಇಲ್ಲದೆಯೂ ಪೂರ್ಣ ಪ್ರಾರ್ಥನೆ ನಡೆಯುತ್ತದೆ. ಅದಕ್ಕೆ ಬೇಕಾದದ್ದು ಹತ್ತು ಮಂದಿ ವಯಸ್ಕ ಯಹೂದಿಗಳು, ಅಷ್ಟೇ. ರಬ್ಬಿಯ ಕೆಲಸ ಕಲಿಸುವುದು, ಸಂದೇಹ ಬಂದಾಗ ದಾರಿ ತೋರಿಸುವುದು, ಹುಟ್ಟು, ಮದುವೆ, ಸಾವಿನ ಹೊತ್ತಿನಲ್ಲಿ ಮನೆಯವರ ಜೊತೆ ನಿಲ್ಲುವುದು. ದೊಡ್ಡ ಹಬ್ಬಗಳ ದೊಡ್ಡ ಪ್ರವಚನಗಳು ಹಿರಿಯ ರಬ್ಬಿಯ ಪಾಲು. ಮಕ್ಕಳ ಶಾಲೆ, ಹದಿಮೂರು ತುಂಬುವ ಹುಡುಗರ ಬಾರ್ ಮಿಟ್ಸ್ವಾ ಮತ್ತು ಹುಡುಗಿಯರ ಬಾಟ್ ಮಿಟ್ಸ್ವಾ ಎಂಬ ವಿಧಿಯ ಸಿದ್ಧತೆ, ಹದಿಹರೆಯದವರ ಕೂಟ, ಆಸ್ಪತ್ರೆಯ ಭೇಟಿ, ಮತಾಂತರಕ್ಕೆ ಬಂದವರ ತರಗತಿ, ಇವೆಲ್ಲ ಬಹುಮಟ್ಟಿಗೆ ಸಹಾಯಕರ ಹೆಗಲಿಗೆ ಬೀಳುತ್ತವೆ.

ಈಗ ನನ್ನ ಮಾತು. 2021ರ ಮೇ ತಿಂಗಳಲ್ಲಿ, ಕೋವಿಡ್‌ನ ಎರಡನೆಯ ಅಲೆಯಲ್ಲಿ, ಅಪ್ಪ ತೀರಿಕೊಂಡರು. ನನಗೆ ಹೋಗಲಾಗಲಿಲ್ಲ. ನನ್ನ ತಮ್ಮ ಮೊಬೈಲ್ ಹಿಡಿದು ತೋರಿಸಿದ್ದನ್ನು ಇಲ್ಲಿ ಅಡುಗೆಮನೆಯಲ್ಲಿ ನಿಂತು ನೋಡಿದೆ. ಆ ವರ್ಷ ಶುಕ್ರವಾರದ ಪ್ರಾರ್ಥನೆಯನ್ನೂ ನಾವು ಪರದೆಯ ಮೇಲೆಯೇ ನೋಡುತ್ತಿದ್ದೆವು. ಅದರ ಕೊನೆಯಲ್ಲಿ, ತೀರಿಕೊಂಡವರ ನೆನಪಿಗೆ ಹೇಳುವ ಕಾಡಿಶ್ ಎಂಬ ಪ್ರಾರ್ಥನೆ ಇದೆ. ಅದಕ್ಕೂ ಮೊದಲು ಆ ವಾರ ತೀರಿಕೊಂಡವರ ಹೆಸರು, ಹಿಂದಿನ ವರ್ಷಗಳಲ್ಲಿ ಅದೇ ವಾರ ತೀರಿಕೊಂಡವರ ಹೆಸರು ಓದುತ್ತಾರೆ. ಆಗಿನ ಸಹಾಯಕ ರಬ್ಬಿ, ಇಪ್ಪತ್ತೊಂಬತ್ತು ವರ್ಷದ ಹುಡುಗಿ, ಗುರುವಾರ ರಾತ್ರಿ ನನಗೆ ಫೋನ್ ಮಾಡಿದರು. "ನಿಮ್ಮ ತಂದೆಯ ಹೆಸರನ್ನು ಓದಬಹುದೇ? ಓದಬಹುದಾದರೆ ಸರಿಯಾಗಿ ಹೇಳಿಕೊಡಿ" ಎಂದರು. ಅಪ್ಪನ ಹೆಸರಿನಲ್ಲಿ ಒಂದು ಳಕಾರವಿದೆ. ನಾಲಗೆಯ ತುದಿಯನ್ನು ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗಿಸಬೇಕೆಂದು ಹೇಳಿದೆ. ಅವರು ಹೇಳುತ್ತಾ ಹೋದರು, ನಾನು 'ಇನ್ನೂ ಸ್ವಲ್ಪ ಹಿಂದೆ' ಎನ್ನುತ್ತಾ ಹೋದೆ. ಎಷ್ಟು ಸಲವೋ ಲೆಕ್ಕವಿಡಲಿಲ್ಲ. ನಡುವೆ ನನಗೆ ಅಳು ಬಂತು. ಅವರು ಸುಮ್ಮನೆ ಕಾದು, ಮತ್ತೆ ಹೇಳಿ ನೋಡಿದರು.

ಶುಕ್ರವಾರ ಅವರು ಆ ಹೆಸರನ್ನು ಓದಿದಾಗ ಳಕಾರ ಳಕಾರವಾಗಿಯೇ ಬಂತು.

ಸಮಿತಿಯ ಅಂಕಪಟ್ಟಿಯಲ್ಲಿ ಪ್ರವಚನಕ್ಕೆ, ಹೀಬ್ರೂ ಪಾಂಡಿತ್ಯಕ್ಕೆ, ಹಾಡುವ ಕಂಠಕ್ಕೆ, ಮಕ್ಕಳ ಜೊತೆಗಿನ ಒಡನಾಟಕ್ಕೆ ಅಂಕಣಗಳಿವೆ. ಇದಕ್ಕೆ ಅಂಕಣವಿಲ್ಲ. ಸಂದರ್ಶನಕ್ಕೆ ಬಂದವರಲ್ಲಿ ಈ ಗುಣ ಇದೆಯೋ ಇಲ್ಲವೋ ತಿಳಿಯುವುದು ಹೇಗೆ? ನಿಮ್ಮಲ್ಲಿ ದೇವಸ್ಥಾನ, ಚರ್ಚು, ಮಠ, ಶಾಲೆ ಯಾವುದಕ್ಕಾದರೂ ಹೀಗೆ ಜನರನ್ನು ಆರಿಸಿದವರಿದ್ದರೆ ದಯವಿಟ್ಟು ಹೇಳಿ.

ನೇತ್ರಾವತಿ ದಂಡೆ (ಮಂಗಳೂರು)

ಅಕ್ಕಾ, ಓದಿ ಮನಸ್ಸು ತುಂಬಿ ಬಂತು. ನಾವು ಸಿ.ಎಸ್.ಐ. ಕ್ರೈಸ್ತ ಸಭೆಯವರು, ಹಳೆಯ ಬಾಸೆಲ್ ಮಿಷನ್ ಕುಟುಂಬ. ನಮ್ಮಲ್ಲಿ ಸಭಾಪಾಲಕರನ್ನು ಊರಿನವರು ಆರಿಸುವುದಿಲ್ಲ. ಬಿಷಪರು ವರ್ಗ ಮಾಡಿ ಕಳುಹಿಸುತ್ತಾರೆ, ನಾವು ಬರಮಾಡಿಕೊಳ್ಳುತ್ತೇವೆ. ಕೆಲವು ವರ್ಷಗಳ ನಂತರ ಕಣ್ಣೀರಿಡುತ್ತಾ ಬೀಳ್ಕೊಡುತ್ತೇವೆ. ಹಾಗಾಗಿ ಆರಿಸುವ ಹೊಣೆ ಎಷ್ಟು ಭಾರವೆಂದು ನನಗೆ ಅಂದಾಜಿಲ್ಲ. ನಿಮ್ಮಲ್ಲಿ ಬಿಷಪರಂತೆ ಯಾರೂ ಇಲ್ಲವೇ? ಯಾರು ಕಳುಹಿಸುತ್ತಾರೆ?

ಒಂದು ಮಾತು ಮಾತ್ರ ಅನುಭವದಿಂದ ಹೇಳಬಲ್ಲೆ. ನಮ್ಮ ಒಬ್ಬ ಸಭಾಪಾಲಕರು ಮನೆಗೆ ಬಂದರೆ ಮೊದಲು ಅಡುಗೆಮನೆಗೆ ಹೋಗಿ ಅಜ್ಜಿಯನ್ನು ಮಾತನಾಡಿಸುತ್ತಿದ್ದರು, ಆಮೇಲೆ ಚಾವಡಿಯಲ್ಲಿ ಕೂರುತ್ತಿದ್ದರು. ಬಂದ ಅಭ್ಯರ್ಥಿ ಊಟದ ಹೊತ್ತಿನಲ್ಲಿ ಯಾರ ಪಕ್ಕ ಕೂರುತ್ತಾರೆ ನೋಡಿ.

ತುಂಗೆಯ ಮಗಳು

ಇಲ್ಲ, ಬಿಷಪರೂ ಇಲ್ಲ, ಪೀಠಾಧಿಪತಿಗಳೂ ಇಲ್ಲ. ಇಲ್ಲಿ ಪ್ರತಿಯೊಂದು ಸಭಾಮಂದಿರವೂ ತನಗೆ ತಾನೇ ಯಜಮಾನ. ರಬ್ಬಿಯನ್ನು ಆರಿಸುವುದು, ಸಂಬಳ ಗೊತ್ತುಮಾಡುವುದು, ಒಪ್ಪಂದ ಮುಂದುವರಿಸುವುದು ಎಲ್ಲವೂ ಸದಸ್ಯರದೇ. ಆದರೆ ಹುಡುಕಾಟಕ್ಕೊಂದು ಕ್ರಮವಿದೆ. ರಿಫಾರ್ಮ್ ಪಂಥದ ರಬ್ಬಿಗಳ ಸಂಘ 1889ರಲ್ಲಿ ಸ್ಥಾಪನೆಯಾದದ್ದು. ಖಾಲಿ ಇರುವ ಹುದ್ದೆಗಳ ವಿವರ ಅದರ ಮೂಲಕ ಹೋಗುತ್ತದೆ. ಸಹಾಯಕರ ಹುದ್ದೆಗೆ ಹೆಚ್ಚಾಗಿ ಬರುವವರು ಆ ವರ್ಷ ಓದು ಮುಗಿಸುವ ವಿದ್ಯಾರ್ಥಿಗಳು. ಚಳಿಗಾಲದಲ್ಲಿ ಮೊದಲ ಸಂದರ್ಶನ, ಅದರಲ್ಲಿ ಮೆಚ್ಚಿದವರನ್ನು ಒಂದು ವಾರಾಂತ್ಯಕ್ಕೆ ಊರಿಗೆ ಕರೆಸುವುದು, ಬೇಸಿಗೆಯ ಆರಂಭದಲ್ಲಿ ಅವರ ದೀಕ್ಷೆ, ಜುಲೈ 1ಕ್ಕೆ ಕೆಲಸ.

ದೀಕ್ಷೆಗೆ ಹೀಬ್ರೂವಿನಲ್ಲಿ ಸ್ಮಿಖಾ ಎನ್ನುತ್ತಾರೆ, ಕೈ ಇಡುವುದು ಎಂಬರ್ಥ. ಸಾಮಾನ್ಯವಾಗಿ ಓದು ಐದು ವರ್ಷ, ಮೊದಲ ವರ್ಷ ಜೆರುಸಲೇಮಿನಲ್ಲಿ. ಆ ವಿದ್ಯಾಲಯದ ಹೆಸರು ಹೀಬ್ರೂ ಯೂನಿಯನ್ ಕಾಲೇಜು. 1875ರಲ್ಲಿ ಐಸಾಕ್ ಮೇಯರ್ ವೈಸ್ ಅದನ್ನು ನಮ್ಮ ರಾಜ್ಯದ ಸಿನ್ಸಿನಾಟಿಯಲ್ಲೇ ಆರಂಭಿಸಿದರು. ಅಮೆರಿಕದ ಕಾಲೇಜಿನಲ್ಲಿ ಕಲಿತ ಮೊದಲ ನಾಲ್ವರು ರಬ್ಬಿಗಳು 1883ರಲ್ಲಿ ಅಲ್ಲಿಂದ ಹೊರಬಂದರು. ಓಹಾಯೋ ನದಿಯ ಆಚೀಚಿನ ಸಣ್ಣ ಊರುಗಳಿಗೆ ಪೂರ್ಣಕಾಲದ ರಬ್ಬಿಯನ್ನು ಇಟ್ಟುಕೊಳ್ಳುವ ಶಕ್ತಿ ಇರುತ್ತಿರಲಿಲ್ಲ. ಆ ಕಾಲೇಜಿನ ವಿದ್ಯಾರ್ಥಿಗಳೇ ಎರಡು ವಾರಕ್ಕೊಮ್ಮೆ ಹೋಗಿ ಪ್ರಾರ್ಥನೆ ನಡೆಸಿ ಬರುತ್ತಿದ್ದರು. 2022ರಲ್ಲಿ ಕಾಲೇಜಿನ ಆಡಳಿತ ಮಂಡಳಿ ಸಿನ್ಸಿನಾಟಿಯ ರಬ್ಬಿ ಶಿಕ್ಷಣವನ್ನು 2026ರ ಹೊತ್ತಿಗೆ ನಿಲ್ಲಿಸಲು ತೀರ್ಮಾನಿಸಿತು. ನ್ಯೂಯಾರ್ಕ್ ಮತ್ತು ಲಾಸ್ ಏಂಜಲೀಸ್ ಉಳಿದವು. ನಮ್ಮ ಅತ್ತೆ ಆ ಸುದ್ದಿ ಓದಿ ಎರಡು ದಿನ ಸರಿಯಾಗಿ ಮಾತನಾಡಲಿಲ್ಲ. ಅವರು ಹುಟ್ಟಿ ಬೆಳೆದ ಊರಿಗೆ ಬರುತ್ತಿದ್ದವರು ಆ ವಿದ್ಯಾರ್ಥಿ ರಬ್ಬಿಗಳೇ.

ರಬ್ಬಿಯಾಗಲು ಓದುವವರ ಸಂಖ್ಯೆ ಇಳಿದಿದೆ, ಕರೆಯುವ ಸಭಾಮಂದಿರಗಳು ಹೆಚ್ಚಿವೆ. ಆದ್ದರಿಂದ ನಾವು ಅವರನ್ನು ನೋಡುವಷ್ಟೇ ಅವರೂ ನಮ್ಮನ್ನು ನೋಡುತ್ತಾರೆ. ದೊಡ್ಡ ನಗರ ಬಿಟ್ಟು ಇಲ್ಲಿಗೇಕೆ ಬರಬೇಕು ಎಂದು ಅವರು ಕೇಳಿದರೆ ನಮ್ಮ ಬಳಿ ಉತ್ತರವಿರಬೇಕು.

ಅಜ್ಜಿಯ ಮಾತು ಬಹಳ ಇಷ್ಟವಾಯಿತು, ಬರೆದಿಟ್ಟುಕೊಂಡೆ.

ಹಳೇಪೇಟೆ (ಬೆಂಗಳೂರು)

ತಂಗೀ, ನಾನು ನಿವೃತ್ತ ಶಾಲಾ ಶಿಕ್ಷಕ, ಎಪ್ಪತ್ತನಾಲ್ಕು ವರ್ಷ. ಬೆಂಗಳೂರಿನಲ್ಲಿ ಮೈಸೂರು ರಸ್ತೆಯ ಹತ್ತಿರ ಯಹೂದಿಗಳ ಸಣ್ಣದೊಂದು ಸ್ಮಶಾನವಿದೆ. ಬಹಳ ವರ್ಷಗಳ ಹಿಂದೆ ಒಮ್ಮೆ ಒಳಗೆ ಹೋಗಿದ್ದೆ. ಕಲ್ಲುಗಳ ಮೇಲೆ ಹೀಬ್ರೂ ಅಕ್ಷರ, ಯಾರೋ ಇಟ್ಟುಹೋದ ಬೆಣಚು ಹರಳುಗಳು. ಹೂವಿನ ಬದಲು ಕಲ್ಲಿಡುವುದು ಅವರ ಪದ್ಧತಿ ಎಂದು ಕಾವಲಿನವನು ಹೇಳಿದ. ಈ ಊರಿನಲ್ಲಿ ರಬ್ಬಿ ಇದ್ದುದನ್ನು ನಾನು ಕೇಳಿಲ್ಲ. ರಬ್ಬಿ ಇಲ್ಲದೆಯೂ ನಡೆಯುತ್ತದೆ ಎಂದಿರಿ. ಹಾಗಾದರೆ ಕೊಚ್ಚಿಯವರು, ಕೊಂಕಣದವರು ಶತಮಾನಗಳ ಕಾಲ ನಡೆಸಿಕೊಂಡು ಬಂದದ್ದು ಹೀಗೆಯೇ?

ನಮ್ಮೂರ ದೇವಸ್ಥಾನದಲ್ಲಿ ಅರ್ಚಕತನ ವಂಶಪಾರಂಪರ್ಯ. ಆರಿಸುವ ಮಾತೇ ಇಲ್ಲ. ಆದರೆ ನಾನಿದ್ದ ಶಾಲೆಯಲ್ಲಿ ಶಿಕ್ಷಕರ ನೇಮಕದ ಸಮಿತಿಯಲ್ಲಿ ಹನ್ನೊಂದು ವರ್ಷ ಕೂತಿದ್ದೇನೆ. ಮಾದರಿ ಪಾಠ ಮಾಡಿಸುತ್ತಿದ್ದೆವು. ಪಾಠ ಹೇಗೆ ಹೇಳಿದರು ಎಂಬುದಕ್ಕಿಂತ, ಹುಡುಗನೊಬ್ಬ ತಪ್ಪು ಉತ್ತರ ಕೊಟ್ಟಾಗ ಅವರ ಮುಖ ಹೇಗಿತ್ತು ಎಂಬುದನ್ನು ನಾನು ನೋಡುತ್ತಿದ್ದೆ. ತಪ್ಪು ಉತ್ತರದಲ್ಲಿ ಸರಿಯಾದ ಅರ್ಧವನ್ನು ಹುಡುಕಿ ಎತ್ತಿಕೊಂಡವರನ್ನು ತೆಗೆದುಕೊಂಡೆವು. ಒಬ್ಬರೂ ಕೈಕೊಡಲಿಲ್ಲ.

ತುಂಗೆಯ ಮಗಳು

ಮೇಷ್ಟ್ರೇ, ನಮಸ್ಕಾರ. ಹೌದು, ಹೀಗೆಯೇ. ಕೊಚ್ಚಿಯಲ್ಲಿ 1568ರಲ್ಲಿ ಕಟ್ಟಿದ ಪರದೇಸಿ ಸಭಾಮಂದಿರ ಇಂದಿಗೂ ನಿಂತಿದೆ. ಅಲ್ಲಿ ಸಮುದಾಯದ ಹಿರಿಯರೇ ಪ್ರಾರ್ಥನೆ, ಓದು ಎಲ್ಲವನ್ನೂ ನಡೆಸಿಕೊಂಡು ಬಂದರು. ಕೊಂಕಣದ ಬೆನೆ ಇಸ್ರೇಲಿಗಳು ಎಣ್ಣೆ ಗಾಣದ ಕಸುಬಿನವರು. ಶನಿವಾರ ಗಾಣ ಕಟ್ಟುತ್ತಿರಲಿಲ್ಲವೆಂದು ಅಕ್ಕಪಕ್ಕದವರು ಅವರನ್ನು 'ಶನಿವಾರ ತೇಲಿ' ಎಂದು ಕರೆದರು, ಶನಿವಾರದ ಗಾಣಿಗರು. ಅವರಲ್ಲಿ ಖಾಜಿಗಳೆಂಬ ಹಿರಿಯರು ಮದುವೆ ಮುಂಜಿ ನೋಡಿಕೊಳ್ಳುತ್ತಿದ್ದರು. ಇದನ್ನು ಸಮಿತಿಯಲ್ಲಿ ಹೇಳಿದಾಗ ಹಲವರಿಗೆ ಹೊಸ ಸಂಗತಿಯಾಗಿತ್ತು. ರಬ್ಬಿಯೊಬ್ಬರು ಬಂದು ನಮ್ಮನ್ನು ಉಳಿಸುತ್ತಾರೆ ಎಂಬ ನಿರೀಕ್ಷೆಯನ್ನು ಓದು ಮುಗಿಸಿ ಹೊಸದಾಗಿ ಬರುವ ಇಪ್ಪತ್ತೇಳರ ಮಗುವಿನ ತಲೆಯ ಮೇಲೆ ಹೊರಿಸಬಾರದೆಂದು ನನಗನ್ನಿಸುತ್ತದೆ. ಉಳಿಸಿಕೊಳ್ಳುವವರು ಸಭೆಯ ಜನರೇ.

ತಪ್ಪು ಉತ್ತರದ ವಿಷಯವನ್ನು ಖಂಡಿತ ಪ್ರಯೋಗಿಸುತ್ತೇವೆ. ಅಭ್ಯರ್ಥಿಗಳು ಭಾನುವಾರ ಆರನೆಯ ತರಗತಿಗೆ ಒಂದು ಪಾಠ ಮಾಡಬೇಕೆಂದು ಈಗಾಗಲೇ ಇದೆ.

ಈರೀ ಸರೋವರ (ಕ್ಲೀವ್‌ಲ್ಯಾಂಡ್)

ನಾನು ಇಲ್ಲಿನ ಹಿಂದೂ ದೇವಸ್ಥಾನವೊಂದರ ಆಡಳಿತ ಮಂಡಳಿಯಲ್ಲಿದ್ದೆ. ಕರ್ನಾಟಕದಿಂದ ಅರ್ಚಕರನ್ನು ಕರೆಸುವಾಗ ವೀಸಾ, ವಸತಿ, ಮಕ್ಕಳ ಶಾಲೆ ಎಲ್ಲವನ್ನೂ ನೋಡಿದವನು. ನಿಮ್ಮ ಭಾವನೆಗೆ ಗೌರವವಿದೆ, ಆದರೆ ಎರಡು ವಿಷಯದಲ್ಲಿ ನನ್ನದು ಭಿನ್ನಾಭಿಪ್ರಾಯ.

ಮೊದಲನೆಯದಾಗಿ, ಪ್ರವಚನವನ್ನು ಹಗುರವಾಗಿ ಕಾಣಬೇಡಿ. ಸಾಂತ್ವನ ಹೇಳುವವರು ನೆರೆಹೊರೆಯಲ್ಲೂ ಸಿಗುತ್ತಾರೆ. ಎರಡು ಸಾವಿರ ವರ್ಷದ ಗ್ರಂಥವನ್ನು ಬಿಡಿಸಿ ಇವತ್ತಿನ ಬದುಕಿಗೆ ತಾಗುವಂತೆ ಹೇಳುವವರು ಸಿಗುವುದಿಲ್ಲ. ನಮ್ಮಲ್ಲಿ ಮಂತ್ರ ಚೆನ್ನಾಗಿ ಹೇಳುವ, ಮನಸ್ಸೂ ಒಳ್ಳೆಯದಿರುವ ಅರ್ಚಕರಿದ್ದರು. ಆದರೆ ಇಲ್ಲಿ ಹುಟ್ಟಿದ ಮಕ್ಕಳು 'ಇದನ್ನು ಏಕೆ ಮಾಡುತ್ತೇವೆ' ಎಂದು ಕೇಳಿದರೆ ಅವರಲ್ಲಿ ಉತ್ತರವಿರಲಿಲ್ಲ. ಆ ಮಕ್ಕಳು ಈಗ ಬರುವುದಿಲ್ಲ. ನನ್ನ ಮಗನೂ ಬರುವುದಿಲ್ಲ.

ಎರಡನೆಯದು ಹಣ. ಮೂರು ವರ್ಷಕ್ಕೊಮ್ಮೆ ಹೊಸಬರನ್ನು ತಂದು, ಕಲಿಸಿ, ಅವರು ಕಲಿತೊಡನೆ ಬೇರೆಡೆಗೆ ಬಿಟ್ಟುಕೊಡುವುದು ನಾನೂರು ಕುಟುಂಬಕ್ಕೆ ತಾಳುತ್ತದೆಯೇ? ಅನುಭವಿಯೊಬ್ಬರನ್ನು ಹತ್ತು ವರ್ಷಕ್ಕೆ ತರುವುದು ಒಳ್ಳೆಯದಲ್ಲವೇ?

ತುಂಗೆಯ ಮಗಳು

ನಿಮ್ಮ ಮಗನ ಮಾತು ನನ್ನನ್ನು ನಿಲ್ಲಿಸಿತು. ಒಪ್ಪಿದೆ, ಪ್ರವಚನದ ಅಂಕಣವನ್ನು ಅಳಿಸಬೇಕೆಂದು ನಾನು ಹೇಳುತ್ತಿಲ್ಲ. ತೋರಾ ಎಂಬ ಧರ್ಮಗ್ರಂಥವನ್ನು ವಾರಕ್ಕೊಂದು ಭಾಗದಂತೆ ವರ್ಷವಿಡೀ ಓದಿ ಮುಗಿಸಿ, ಅದೇ ದಿನ ಮತ್ತೆ ಮೊದಲಿನಿಂದ ಆರಂಭಿಸುತ್ತಾರೆ. ಬಂದ ಅಭ್ಯರ್ಥಿ ಆ ವಾರದ ಭಾಗದ ಬಗ್ಗೆ ಮಾತನಾಡಬೇಕು. ಕೆಲವು ವಾರ ಬಲಿಯ ನಿಯಮ, ಕುಷ್ಠದ ಲಕ್ಷಣ ಇಂಥದ್ದೇ ಬರುತ್ತದೆ. ಅದರಿಂದ ಜೀವಂತವಾದ ಮಾತೊಂದನ್ನು ತೆಗೆಯುವವರೇ ನಿಜವಾದ ವಿದ್ವಾಂಸರು.

ಹಣದ ವಿಷಯ ಕಷ್ಟದ್ದೇ. ಸಂಬಳದಲ್ಲಿ ಒಂದು ಪಾಲನ್ನು ಮನೆಯ ಭತ್ಯೆ ಎಂದು ಗುರುತಿಸಿದರೆ ಧರ್ಮಗುರುಗಳಿಗೆ ಅದರ ಮೇಲೆ ಆದಾಯ ತೆರಿಗೆ ಬರುವುದಿಲ್ಲ, ಅಷ್ಟು ಅನುಕೂಲ. ಅದಕ್ಕೆ ಪಿಂಚಣಿ, ಆರೋಗ್ಯ ವಿಮೆ ಸೇರುತ್ತವೆ. ಆದರೆ ಕಲಿತು ಹೋಗುವವರ ಬಗ್ಗೆ ನನಗೆ ಬೇಸರವಿಲ್ಲ. ನಮ್ಮಲ್ಲಿ ಕೆಲಸ ಕಲಿತವರು ಈಗ ಮೂರು ಊರುಗಳಲ್ಲಿ ರಬ್ಬಿಗಳು. ತವರಿನಿಂದ ಕಳುಹಿಸಿಕೊಟ್ಟ ಹಾಗೆ.

ಕಾನೂನಿನ ಹುಡುಗಿ (ನ್ಯೂಜೆರ್ಸಿ)

ಅಕ್ಕ, ನಾನು ಉದ್ಯೋಗ ಕಾನೂನಿನ ವಕೀಲೆ. ಸಂದರ್ಶನದಲ್ಲಿ 'ಮದುವೆ ಯಾವಾಗ, ಮಕ್ಕಳು ಯಾವಾಗ' ಎಂದು ಯಾರೂ ಕೇಳದಂತೆ ನೋಡಿಕೊಳ್ಳಿ. 2012ರ ಹೊಸಾನ್ನಾ-ಟೇಬರ್ ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಧರ್ಮಗುರುಗಳ ನೇಮಕಕ್ಕೆ ತಾರತಮ್ಯ ವಿರೋಧಿ ಕಾನೂನು ಅನ್ವಯಿಸುವುದಿಲ್ಲ ಎಂದಿದೆ. ಅಂದರೆ ಅಭ್ಯರ್ಥಿಗೆ ನ್ಯಾಯಾಲಯದ ಆಸರೆ ಇಲ್ಲ. ಇರುವ ಒಂದೇ ಆಸರೆ ನಿಮ್ಮ ಸಮಿತಿಯವರ ಸಜ್ಜನಿಕೆ. ಹಾಗಾಗಿ ನಿಮ್ಮ ಹೊಣೆ ಕಂಪನಿಯೊಂದರ ಹೊಣೆಗಿಂತ ದೊಡ್ಡದು.

ಸ್ಯಾಲಿ ಪ್ರೀಸಾಂಡ್ ಅವರ ಕಥೆ ಸಮಿತಿಯವರಿಗೆ ಗೊತ್ತಿದ್ದೇ ಇರುತ್ತದೆ, ಆದರೂ ನೆನಪಿಸಿ. 1972ರ ಜೂನ್ 3ರಂದು ನಿಮ್ಮ ಸಿನ್ಸಿನಾಟಿಯ ಪ್ಲಮ್ ಸ್ಟ್ರೀಟ್ ಸಭಾಮಂದಿರದಲ್ಲೇ ದೀಕ್ಷೆ ಪಡೆದು ಅಮೆರಿಕದ ವಿದ್ಯಾಲಯವೊಂದರಿಂದ ಬಂದ ಮೊದಲ ಮಹಿಳಾ ರಬ್ಬಿಯಾದರು. ಮೊದಲ ಕೆಲಸ ನ್ಯೂಯಾರ್ಕಿನಲ್ಲಿ ಸಹಾಯಕ ರಬ್ಬಿ. ಏಳು ವರ್ಷ ದುಡಿದರು. ಹಿರಿಯ ರಬ್ಬಿ ಕಾಯಿಲೆ ಬಿದ್ದಾಗ ಅವರ ಜಾಗಕ್ಕೆ ಈಕೆಯನ್ನು ತರಲು ಆಡಳಿತದವರು ಒಪ್ಪಲಿಲ್ಲ. 1979ರಲ್ಲಿ ಬಿಟ್ಟು ಹೋದರು. ಆಮೇಲೆ 1981ರಲ್ಲಿ ನಮ್ಮ ನ್ಯೂಜೆರ್ಸಿಯ ಟಿಂಟನ್ ಫಾಲ್ಸ್‌ನ ಸಣ್ಣ ಸಭಾಮಂದಿರವೊಂದು ಅವರನ್ನು ಕರೆಯಿತು. 2006ರವರೆಗೆ, ಇಪ್ಪತ್ತೈದು ವರ್ಷ, ಅಲ್ಲೇ ಇದ್ದರು. ಸಣ್ಣ ಊರು ದೊಡ್ಡ ಮನಸ್ಸು ಮಾಡಿದರೆ ಎಂಥವರು ಸಿಗುತ್ತಾರೆ ನೋಡಿ.

ಹಳೇಪೇಟೆ

ತಂಗೀ, ಕೇಳಲು ಸಂಕೋಚ, ಆದರೂ ಕೇಳುತ್ತೇನೆ. ಇಸ್ರೇಲ್ ಮತ್ತು ಗಾಜಾ ವಿಷಯ ಸಂದರ್ಶನದಲ್ಲಿ ಬರುತ್ತದೆಯೇ? ಭದ್ರತೆಯ ಭಯ?

ತುಂಗೆಯ ಮಗಳು

ಸಂಕೋಚ ಬೇಡ ಮೇಷ್ಟ್ರೇ. ಬರುತ್ತದೆ. 2023ರ ಅಕ್ಟೋಬರ್ 7ರಂದು ಇಸ್ರೇಲಿನ ಮೇಲೆ ಹಮಾಸ್ ದಾಳಿ ನಡೆದ ನಂತರ ನಮ್ಮ ಸಭೆಯಲ್ಲಿ ಒಂದೇ ಸಾಲಿನಲ್ಲಿ ಕೂರುತ್ತಿದ್ದ ಸ್ನೇಹಿತರು ದೂರ ದೂರ ಕೂರತೊಡಗಿದರು. ಒಬ್ಬರ ಸಂಬಂಧಿಕರು ಅಲ್ಲಿ ತೀರಿಕೊಂಡಿದ್ದಾರೆ. ಇನ್ನೊಬ್ಬರ ಮಗಳು ಗಾಜಾದ ಮಕ್ಕಳನ್ನು ನೆನೆದು ಕಾಲೇಜಿನಲ್ಲಿ ಪ್ರತಿಭಟನೆಗೆ ನಿಂತಳು. ಇಬ್ಬರೂ ಅದೇ ಶುಕ್ರವಾರ ಅದೇ ರಬ್ಬಿಯ ಬಳಿ ಬರುತ್ತಾರೆ. 'ನೀವು ಯಾವ ಕಡೆ' ಎಂದು ಅಭ್ಯರ್ಥಿಯನ್ನು ಕೇಳಬೇಕೆಂದು ಸಮಿತಿಯಲ್ಲಿ ಇಬ್ಬರು ಪಟ್ಟುಹಿಡಿದರು. 'ಈ ಇಬ್ಬರೂ ಒಂದೇ ದಿನ ನಿಮ್ಮ ಕೋಣೆಗೆ ಬಂದರೆ ಏನು ಮಾಡುತ್ತೀರಿ' ಎಂದು ಕೇಳೋಣ ಎಂದೆ ನಾನು. ಅರ್ಧ ಗಂಟೆಯ ಚರ್ಚೆಯ ನಂತರ ಒಪ್ಪಿದರು. ನಾನು ಸಮಿತಿಗೆ ಕೊಟ್ಟದ್ದು ಇದೊಂದೇ ಆದರೂ ಸಾಕು.

ಭದ್ರತೆಯ ಬಗ್ಗೆ ಏನು ಹೇಳಲಿ. 2018ರ ಅಕ್ಟೋಬರಿನಲ್ಲಿ ಪಿಟ್ಸ್‌ಬರ್ಗಿನ ಟ್ರೀ ಆಫ್ ಲೈಫ್ ಸಭಾಮಂದಿರದಲ್ಲಿ ಶಬ್ಬಾತಿನ ಬೆಳಿಗ್ಗೆ ಪ್ರಾರ್ಥನೆಗೆ ಬಂದ ಹನ್ನೊಂದು ಮಂದಿಯನ್ನು ಕೊಂದರು. ನಮ್ಮ ಬಾಗಿಲಲ್ಲಿ ಅಂದಿನಿಂದ ಪೊಲೀಸ್ ಅಧಿಕಾರಿ ನಿಲ್ಲುತ್ತಾರೆ. ಮಕ್ಕಳು ಅವರಿಗೆ ಕೈ ಬೀಸಿ ಒಳಗೆ ಹೋಗುತ್ತಾರೆ. ಅದನ್ನು ನೋಡಿದಾಗೆಲ್ಲ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಕಬ್ಬನ್ ಪಾರ್ಕ್ (ನ್ಯೂಜೆರ್ಸಿ)

ನಮ್ಮದೂ ನಿಮ್ಮಂಥದೇ ಮನೆ. ಅಭ್ಯರ್ಥಿಯ ಸಂಗಾತಿ ಯಹೂದಿಯಲ್ಲದಿದ್ದರೆ ನಿಮ್ಮ ಸಮಿತಿ ಏನು ಮಾಡುತ್ತದೆ? ಹಿಂದೆ ಅಂಥವರಿಗೆ ಓದಲೇ ಅವಕಾಶವಿರಲಿಲ್ಲ. ರೀಕನ್‌ಸ್ಟ್ರಕ್ಷನಿಸ್ಟ್ ಎಂಬ ಇನ್ನೊಂದು ಯಹೂದಿ ಪಂಥದ ವಿದ್ಯಾಲಯ 2015ರಲ್ಲಿ ಆ ನಿಯಮ ತೆಗೆಯಿತು, ಹೀಬ್ರೂ ಯೂನಿಯನ್ ಕಾಲೇಜು 2024ರಲ್ಲಿ. ನ್ಯೂಯಾರ್ಕಿನ ಸೆಂಟ್ರಲ್ ಸಿನಗಾಗ್‌ನ ಹಿರಿಯ ರಬ್ಬಿ ಆಂಜೆಲಾ ಬುಕ್‌ಡಾಲ್ ಹುಟ್ಟಿದ್ದು ಸಿಯೋಲ್‌ನಲ್ಲಿ, ತಾಯಿ ಕೊರಿಯಾದ ಬೌದ್ಧರು. ನನ್ನ ಮಗಳು ಅವರನ್ನು ಮೊದಲ ಸಲ ಪರದೆಯ ಮೇಲೆ ನೋಡಿದಾಗ ಕೇಳಿದ್ದು ಒಂದೇ: "ಅಮ್ಮ, ಅವರ ಕೂದಲು ನನ್ನ ಹಾಗೇ ಇದೆ ಅಲ್ಲವಾ?"

ತುಂಗೆಯ ಮಗಳು

ಅದೇ ಪ್ರಶ್ನೆ ಸಮಿತಿಯಲ್ಲೂ ಬಂತು. ಒಬ್ಬ ಹಿರಿಯರು, ಎಂಬತ್ತು ದಾಟಿದವರು, ತಮ್ಮ ಹೆತ್ತವರು ಏನೇನು ಕಳೆದುಕೊಂಡು ಇಲ್ಲಿಗೆ ಬಂದರೆಂದು ಹೇಳಿ, "ರಬ್ಬಿಯ ಮನೆಯಾದರೂ ಪೂರ್ಣ ಯಹೂದಿ ಮನೆಯಾಗಿರಲಿ" ಎಂದರು. ಹೇಳಿ ನನ್ನ ಕಡೆ ನೋಡಿದರು, ಕಣ್ಣು ಒದ್ದೆಯಾಗಿತ್ತು. ನನಗೆ ಕೋಪ ಬರಲಿಲ್ಲ. ಅವರ ನೋವು ನನ್ನ ಮಕ್ಕಳ ಪಾಲಿನ ಆಸ್ತಿಯೂ ಹೌದು. ಆ ಪ್ರಶ್ನೆಯನ್ನು ಅಂಕಪಟ್ಟಿಯಲ್ಲಿ ಇಡಬಾರದೆಂದು ಎಲ್ಲರೂ ಸೇರಿ ತೀರ್ಮಾನಿಸಿದೆವು. ಅವರೂ ಕೈ ಎತ್ತಿದರು.

ತುಂಗೆಯ ಮಗಳು (ಎರಡು ವಾರಗಳ ನಂತರ)

ಕೇಳಿದವರಿಗೆಲ್ಲ ಒಟ್ಟಿಗೆ ಬರೆಯುತ್ತಿದ್ದೇನೆ. ಇಬ್ಬರು ಬಂದು ಹೋದರು.

ಮೊದಲನೆಯವರ ಪ್ರವಚನ ಮುಗಿದಾಗ ಸಭೆ ಒಂದು ಕ್ಷಣ ಉಸಿರಾಡಲಿಲ್ಲ. ಈರೀ ಸರೋವರದವರೇ, ನೀವು ಕೇಳಿದ್ದರೆ ಎದ್ದು ನಿಲ್ಲುತ್ತಿದ್ದಿರಿ. ಊಟದ ಹೊತ್ತಿನಲ್ಲಿ ಅವರು ಅಧ್ಯಕ್ಷರ ಪಕ್ಕ ಕೂತರು, ತಪ್ಪೇನಲ್ಲ, ಅಲ್ಲಿಯೇ ಕೂರಿಸಿದ್ದರು. ಭಾನುವಾರ ತರಗತಿಯಲ್ಲಿ ಹುಡುಗನೊಬ್ಬ ತಪ್ಪು ಹೇಳಿದಾಗ ಸರಿಯುತ್ತರವನ್ನು ತಾವೇ ಹೇಳಿ ಮುಂದೆ ಹೋದರು.

ಎರಡನೆಯವರ ಪ್ರವಚನ ಸಾಧಾರಣ. ತರಗತಿಯಲ್ಲಿ, ನೋಹನ ನಾವೆಯಲ್ಲಿ ಮೀನುಗಳೂ ಇದ್ದವು ಎಂದಳು ಒಬ್ಬ ಹುಡುಗಿ. ಉಳಿದವರು ನಕ್ಕರು. ಅವರು ನೆಲದ ಮೇಲೆ ಅವಳೆದುರು ಕೂತು, "ಇರಬೇಕಾಗಿತ್ತೇ? ಮೀನುಗಳಿಗೆ ಪ್ರಳಯ ಎಂದರೆ ಏನು?" ಎಂದು ಕೇಳಿದರು. ಇಪ್ಪತ್ತು ನಿಮಿಷ ಆ ಮಕ್ಕಳು ಬೇರೆ ಯಾವುದನ್ನೂ ಮಾತನಾಡಲಿಲ್ಲ. ಹಳೇಪೇಟೆ ಮೇಷ್ಟ್ರೇ, ನಿಮ್ಮನ್ನು ನೆನೆದೆ. ನನ್ನ ಮಾತಿನ ಹಕ್ಕನ್ನು ಪೂರ್ತಿ ಬಳಸಿದೆ. ಎಂಟು ಮತಗಳಲ್ಲಿ ಆರು ಅವರಿಗೆ ಬಿದ್ದವು.

ಮೊನ್ನೆ ಮಂಗಳವಾರ ಅವರು ಫೋನ್ ಮಾಡಿ, ಬಾಸ್ಟನ್ನಿನ ಕಡೆಯ ಸಭಾಮಂದಿರಕ್ಕೆ ಒಪ್ಪಿಕೊಂಡೆ, ತಾಯಿ ಅಲ್ಲಿ ಒಬ್ಬರೇ ಇದ್ದಾರೆ ಎಂದರು. ಅಧ್ಯಕ್ಷರು ಒಳ್ಳೆಯದಾಗಲಿ ಎಂದು ಹೇಳಿ ಫೋನ್ ಇಟ್ಟು ಬಹಳ ಹೊತ್ತು ಕಿಟಕಿಯ ಹೊರಗೆ ನೋಡುತ್ತಾ ನಿಂತಿದ್ದರಂತೆ. ನನಗೂ ದುಃಖವಾಯಿತು, ಆದರೆ ತಾಯಿಗಾಗಿ ಹೋದವರನ್ನು ಆರಿಸಿದ್ದೆವು ಎಂಬುದರಲ್ಲಿ ನಮ್ಮ ಕಣ್ಣು ಸುಳ್ಳಾಗಲಿಲ್ಲ.

ಮೂರನೆಯ ಅಭ್ಯರ್ಥಿ ಗುರುವಾರ ಸಂಜೆ ಬರುತ್ತಾರೆ. ವಿಮಾನ ನಿಲ್ದಾಣದಿಂದ ಕರೆತರುವ ಕೆಲಸ ನನ್ನದು. ಕೋಶರ್ ಎಂಬ ಯಹೂದಿ ಆಹಾರ ನಿಯಮ ಪಾಲಿಸುತ್ತಾರೆ, ಸಸ್ಯಾಹಾರವಾದರೆ ನಮ್ಮ ಮನೆಯಲ್ಲಿ ಉಣ್ಣುತ್ತೇನೆ ಎಂದಿದ್ದಾರೆ. ಅತ್ತೆ ಹೊಸ ಪಾತ್ರೆ ಕೊಂಡು ತಂದಿದ್ದಾರೆ. ಅನ್ನ, ಕುಂಬಳಕಾಯಿ ಹುಳಿ, ಅಪ್ಪೆಮಿಡಿ ಉಪ್ಪಿನಕಾಯಿ. ಖಾರ ಎಷ್ಟು ಹಾಕಲಿ ಎಂದು ಅವರಿಗೆ ಸಂದೇಶ ಕಳುಹಿಸಿದ್ದೆ. "ನೀವು ನಿಮ್ಮ ಮನೆಯವರಿಗೆ ಹಾಕುವಷ್ಟು" ಎಂದು ಉತ್ತರ ಬಂದಿದೆ.